ಕಲ್ಲಮ್ಮ ಮೂಸಿ ನೋಡಿದ ನೀರು

ಕಲ್ಲಮ್ಮನಿಗೆ ಈಜು ಬರುತ್ತಿರಲಿಲ್ಲ. ಈಜುಕೊಳವನ್ನು ಅವಳು ಹತ್ತಿರದಿಂದ ಕಂಡದ್ದು ಇಡೀ ಜೀವಮಾನದಲ್ಲಿ ಎರಡೇ ಸಲ. ಹಾಗಿದ್ದರೂ ಶಿವಮೊಗ್ಗದ ಗೋಪಾಳದಲ್ಲಿದ್ದ ಒಂದು ಈಜುಕೊಳಕ್ಕೆ ದಿನಾ ಸಂಜೆ ಎಷ್ಟು ಬ್ಲೀಚಿಂಗ್ ಪೌಡರ್ ಬೀಳಬೇಕು ಎಂದು ಎರಡು ವರ್ಷ ತೀರ್ಮಾನ ಮಾಡಿದವಳು ಅವಳೇ. ಅದೂ ತನ್ನ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು, ಒಂದು ಹಳೇ ಹಾರ್ಲಿಕ್ಸ್ ಬಾಟಲಿಯನ್ನು ಮೂಸಿ ನೋಡಿ! ಈ ಸಂಗತಿ ಊರಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಕೊನೆಗೆ ಅವಳೇ ಬಾಯಿಬಿಟ್ಟು ಹೇಳಿದಾಗ ನಂಬಿದವರು ಒಬ್ಬರೇ.

ಮೂಗಿಗೆ ಮೊದಲು ಹೆಸರಾಗಿದ್ದವನು ಅವಳ ಗಂಡ ಉಜ್ಜನಪ್ಪ. ಭದ್ರಾವತಿಯ ಕಾಗದನಗರದಲ್ಲಿ ಮೂವತ್ತು ವರ್ಷ ಅವನು ಕಾಗದದ ಕಾರ್ಖಾನೆಯ ನೀರು ಸೋಸುವ ಫಿಲ್ಟರ್ ಹೌಸಿನಲ್ಲಿ ದುಡಿದವನು. ಹೊಳೆಯಿಂದ ಬಂದ ಕೆಂಪು ನೀರು ಅವನ ಕೈ ದಾಟಿಯೇ ಕ್ವಾರ್ಟರ್ಸಿನ ನಲ್ಲಿಗಳಿಗೆ ಹೋಗಬೇಕು. ಬೊಗಸೆಯಲ್ಲಿ ನೀರೆತ್ತಿ, ಕಣ್ಣು ಮುಚ್ಚಿ, ಮೂಗಿನ ಹತ್ತಿರ ಹಿಡಿದು "ಅರ್ಧ ಇದೆ" ಎಂದರೆ ನೀರಿನಲ್ಲಿ ಔಷಧಿ, ಅಂದರೆ ಕ್ಲೋರಿನ್, ಲೀಟರಿಗೆ ಅರ್ಧ ಮಿಲಿಗ್ರಾಮೇ. ಹೊಸದಾಗಿ ಬಂದ ಕೆಮಿಸ್ಟುಗಳು ನಂಬದೆ ಗಾಜಿನ ನಳಿಗೆಯಲ್ಲಿ ಹನಿ ಹಾಕಿ ಬಣ್ಣ ನೋಡುತ್ತಿದ್ದರು. ಬಣ್ಣವೂ ಅರ್ಧ ಎಂದೇ ಹೇಳುತ್ತಿತ್ತು. ಆಮೇಲಾಮೇಲೆ ಅವರು ಹನಿ ಹಾಕುವುದನ್ನೇ ಬಿಟ್ಟು "ಉಜ್ಜನಪ್ಪನ್ನ ಕರೀರಿ" ಎನ್ನತೊಡಗಿದರು.

ಈ ಮೂಗಿನ ಕಾಟವನ್ನು ಪೂರ್ತಿ ಅನುಭವಿಸಿದವಳು ಕಲ್ಲಮ್ಮ. ರಸ್ತೆಯ ತಿರುವಿನಲ್ಲಿ ಸೈಕಲ್ ಇಳಿಯುವಾಗಲೇ, "ಏನೇ ಕಲ್ಲಿ, ಒಗ್ಗರಣೆ ಸೀದೋಯ್ತಾ?" ಎಂದು ಕೂಗುತ್ತಿದ್ದ. ಬೀದಿಗೆಲ್ಲ ಗೊತ್ತಾಗಬೇಕು ಇವಳ ಒಗ್ಗರಣೆ ಸೀದದ್ದು! "ನಿಮ್ಮ ಮೂಗನ್ನ ಫಿಲ್ಟರ್ ಹೌಸಲ್ಲೇ ಬಿಟ್ಟು ಬನ್ರೀ" ಎಂದು ಅವಳೂ ಒಳಗಿಂದಲೇ ಕೂಗುತ್ತಿದ್ದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಮಾತು ಹುಟ್ಟುತ್ತಿದ್ದದ್ದು ಹೆಚ್ಚಾಗಿ ಹೀಗೆಯೇ.

ತೊಂಬತ್ತೆಂಟರಲ್ಲಿ ಉಜ್ಜನಪ್ಪ ರಿಟೈರಾದ. ಕ್ವಾರ್ಟರ್ಸ್ ಬಿಡಬೇಕಾಯಿತು. ಕಲ್ಲಮ್ಮನ ತಮ್ಮ ರುದ್ರೇಶ ಗೋಪಾಳದಲ್ಲಿ ಬಾಡಿಗೆಗೆ ಒಂದು ಔಟ್‌ಹೌಸ್ ಹುಡುಕಿಕೊಟ್ಟ. ಹೊಸ ಊರಿನಲ್ಲಿ ಉಜ್ಜನಪ್ಪ ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗುವುದಕ್ಕಿಲ್ಲದೆ ವರಾಂಡದಲ್ಲಿ ಕೂತಿರುತ್ತಿದ್ದ. ಕೈಕಾಲು ಗಟ್ಟಿಯಿದ್ದ ಗಂಡಸು ಹಾಗೆ ಸುಮ್ಮನೆ ಕೂತಿರುವುದನ್ನು ಕಲ್ಲಮ್ಮನಿಗೆ ನೋಡಲಾಗುತ್ತಿರಲಿಲ್ಲ.

ಅದೇ ವರ್ಷ ಅಡಿಕೆ ಮಂಡಿಯ ಷಡಕ್ಷರಪ್ಪನವರು ಗೋಪಾಳದ ಅಂಚಿನಲ್ಲಿ ಈಜುಕೊಳ ಕಟ್ಟಿಸಿ ಕೈ ಸುಟ್ಟುಕೊಂಡಿದ್ದರು. ಬಣ್ಣಬಣ್ಣದ ಡಬ್ಬಿಗಳಲ್ಲಿ ಔಷಧಿ ಬೆಂಗಳೂರಿನಿಂದ ಬರಬೇಕು, ಅದನ್ನು ಹಾಕುವುದಕ್ಕೂ ಟೈ ಕಟ್ಟಿಕೊಂಡ ಒಬ್ಬ ಮನುಷ್ಯ ಅಲ್ಲಿಂದಲೇ ಬರಬೇಕು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಷಡಕ್ಷರಪ್ಪನವರಿಗೆ ಸಾಕುಸಾಕಾಗಿ, ಗುಂಡಿಗೆ ಮಣ್ಣು ತುಂಬಿಸಿ ಸೈಟ್ ಮಾಡಿ ಮಾರುತ್ತೇನೆ ಎಂದು ಸಿಕ್ಕಿದವರ ಹತ್ತಿರವೆಲ್ಲ ಹೇಳಿಕೊಂಡು ಓಡಾಡುತ್ತಿದ್ದರು. ಸುದ್ದಿ ಕೇಳಿದ ಉಜ್ಜನಪ್ಪ ತಾನಾಗಿಯೇ ಹೋಗಿ ಕೊಳದ ಅಂಚಿನಲ್ಲಿ ಬಗ್ಗಿ, ಬೊಗಸೆ ನೀರು ಮೂಸಿ ನೋಡಿದ.

"ಸಾವ್ಕಾರ್ರೇ, ನೀವು ಈ ನೀರಿಗೆ ಹಾಕ್ತಿರೋದು ಔಷಧಿ ಅಲ್ಲ, ಬರೀ ದುಡ್ಡು. ನಂಗೆ ಬಿಡಿ. ಕಾಲು ಭಾಗದ ಖರ್ಚಲ್ಲಿ ನಡೆಸಿ ತೋರಿಸ್ತೀನಿ."

ಷಡಕ್ಷರಪ್ಪನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಾಡಿ ತೋರ್ಸು ಮಾರಾಯ, ನೋಡೇಬಿಡಾಣ" ಎಂದರು.

ಮಾಡಿ ತೋರಿಸಿದ. ಡಬ್ಬಿಗಳು ನಿಂತವು, ಭದ್ರಾವತಿಯಿಂದ ಬ್ಲೀಚಿಂಗ್ ಪೌಡರಿನ ಮೂಟೆಗಳು ಬಂದವು. ಪೌಡರನ್ನು ಹಗಲು ಹಾಕಿದರೆ ಬಿಸಿಲೇ ತಿಂದುಹಾಕುತ್ತದೆಂದು ಸಂಜೆ ಕೊಳದಿಂದ ಜನರೆಲ್ಲ ಹೋದ ಮೇಲೆ ಡ್ರಮ್ಮಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ನಂತರ ಮೇಲಿನ ತಿಳಿಯನ್ನಷ್ಟೇ ಬಿಡುತ್ತಿದ್ದ. ಕಲ್ಲಮ್ಮನ ಹಳೇ ಸೀರೆಯ ತುಂಡಿನಲ್ಲಿ ಪಟಿಕ ಕಟ್ಟಿ ನೀರಿನಲ್ಲಿ ಎಳೆದಾಡಿಸಿದರೆ ಬೆಳಗಾಗುವುದರೊಳಗೆ ಕಸವೆಲ್ಲ ತಳ ಸೇರಿರುತ್ತಿತ್ತು. ಅದನ್ನು ಹೀರುವುದಕ್ಕೆ ಮೋಟಾರು ಬೇಡ, ತಗ್ಗಿನಲ್ಲಿದ್ದ ತೆಂಗಿನ ಗಿಡಗಳ ಬುಡಕ್ಕೆ ಒಂದು ಪೈಪು ಇಳಿಬಿಟ್ಟು ಬಾಯಲ್ಲಿ ಒಮ್ಮೆ ಎಳೆದರಾಯಿತು. ಗಿಡಕ್ಕೂ ನೀರು, ಕೊಳಕ್ಕೂ ಸ್ನಾನ. ಎಲೆ ಬೀಳದ ಹಾಗೆ ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದು ಹೊದಿಕೆ ಮಾಡಿಸಿದ. ಭಾನುವಾರ ಎಣ್ಣೆಸ್ನಾನ ಮಾಡಿ ಬಂದ ಮಕ್ಕಳನ್ನು ಗೇಟಿನಲ್ಲೇ ತಲೆ ಮುಟ್ಟಿ ನೋಡಿ, "ಹೋಗ್ರೋ, ನಿಮ್ಮ ಒಂದೊಂದು ತಲೆ ಒಂದೊಂದು ಸೇರು ಪೌಡರ್ ತಿನ್ನುತ್ತೆ" ಎಂದು ಓಡಿಸುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಉಳಿತಾಯವೆಂದರೆ ಅವನ ಮೂಗು. ಬೇರೆ ಕಡೆ ನೀರು ಪರೀಕ್ಷೆ ಮಾಡುವುದಕ್ಕೆ ಪೆಟ್ಟಿಗೆ ಬೇಕು, ಹನಿ ಬೇಕು, ಹನಿ ಮುಗಿದರೆ ಮತ್ತೆ ತರಿಸಬೇಕು. ಇಲ್ಲಿ ಅದ್ಯಾವುದೂ ಇಲ್ಲ. ಬಂದ ನೆಂಟರಿಗೆಲ್ಲ ಷಡಕ್ಷರಪ್ಪನವರು, "ನಮ್ಮ ಉಜ್ಜನಪ್ಪನ ಮೂಗಿದೆಯಲ್ಲ, ಅದೇ ನಮ್ಮ ಮಿಷನ್ನು" ಎಂದು ಹೇಳಿಕೊಳ್ಳುತ್ತಿದ್ದರು.

ಆ ಮಿಷನ್ನು ಕೆಟ್ಟದ್ದು ಎರಡು ಸಾವಿರದ ಒಂದರಲ್ಲಿ. ಕಲ್ಲಮ್ಮ ಪಕ್ಕದ ಮನೆಗೆ ಹೋಗಿ ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ, ಬತ್ತಿ, ಪಾತ್ರೆ ಕರಿಕಲಾಗಿ, ಮನೆತುಂಬ ಹೊಗೆ ತುಂಬಿತ್ತು. ಉಜ್ಜನಪ್ಪ ಪಕ್ಕದ ಕೋಣೆಯಲ್ಲೇ ಬೆನ್ನು ಮಾಡಿ ಕೂತು ಪೇಪರ್ ಓದುತ್ತಿದ್ದ.

"ಅಲ್ರೀ, ಇಷ್ಟು ವಾಸನೆ ಬರ್ತಿದೆ, ಗೊತ್ತಾಗಲಿಲ್ವಾ?"

ಅವನು ತಿರುಗಿ ನೋಡಿದ. "ನಾಲ್ಕು ತಿಂಗಳಾಯ್ತು ಕಣೇ" ಎಂದ. "ಮೊದ್ಲು ನೆಗಡಿ ಅಂದ್ಕೊಂಡೆ."

ನಾಲ್ಕು ತಿಂಗಳು ಅವನು ಅಂದಾಜಿನ ಮೇಲೆ ಪೌಡರ್ ಹಾಕಿದ್ದ. ಒಂದು ದಿನ ಪೌಡರ್ ಹೆಚ್ಚಾಗಿ ಮಕ್ಕಳ ಕಣ್ಣು ಕೆಂಪಾಗುವುದು, ಇನ್ನೊಂದು ದಿನ ಕಡಿಮೆಯಾಗಿ ಗೋಡೆಯಲ್ಲಿ ಪಾಚಿ ಕಟ್ಟುವುದು. ಹೆದರಿಕೆಯಲ್ಲಿ ಅವನಿಗೆ ನಿದ್ದೆಯೂ ಬರುತ್ತಿರಲಿಲ್ಲ.

"ಸಾವ್ಕಾರ್ರಿಗೆ ಹೇಳಿ ಆ ಪರೀಕ್ಷೆ ಪೆಟ್ಟಿಗೆ ತರ್ಸಿ" ಎಂದಳು ಕಲ್ಲಮ್ಮ.

"ಅವರು ಸಂಬಳ ಕೊಡ್ತಿರೋದು ನನ್ನ ಮೂಗಿಗೆ ಕಣೇ ಮಾರಾಯ್ತಿ. ಮೂಗು ಹೋಯ್ತು ಅಂದ್ರೆ ಮತ್ತೆ ವರಾಂಡದಲ್ಲಿ ಕೂತ್ಕೋಬೇಕು."

ಕಲ್ಲಮ್ಮ ಕರಿಕಲು ಪಾತ್ರೆ ಬದಿಗಿಟ್ಟು ಹೇಳಿದಳು: "ನನ್ನ ಮೂಗಿದೆಯಲ್ಲ. ಕಲಿಸಿಕೊಡಿ."

ಕಲಿಸಿಕೊಟ್ಟ. ನಾಲ್ಕು ಲೋಟಗಳಲ್ಲಿ ಕಾಲು, ಅರ್ಧ, ಮುಕ್ಕಾಲು, ಒಂದು ಎಂದು ಬೇರೆಬೇರೆ ಪ್ರಮಾಣದ ನೀರು ಇಟ್ಟು, ಹಿಂದೆಮುಂದೆ ಮಾಡಿ ಮೂಸಿಸಿದ. ಅವಳು ತನ್ನದೇ ಗುರುತು ಇಟ್ಟುಕೊಂಡಳು. ಸುಣ್ಣ ಬಳಿದು ಎರಡು ದಿನವಾದ ಗೋಡೆಯ ಹಾಗಿದ್ದರೆ ಕಾಲು, ಅದೇ ದಿನ ಬಳಿದ ಹಾಗಿದ್ದರೆ ಅರ್ಧ, ಮೂಗು ಚುರುಗುಟ್ಟಿದರೆ ಮುಕ್ಕಾಲು, ಕಣ್ಣಿಗೇ ಬಂದರೆ ಒಂದು. ಐದನೆಯ ದಿನಕ್ಕೆ ಅವಳು ಒಂದೂ ತಪ್ಪಲಿಲ್ಲ. ಉಜ್ಜನಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, "ಮೂವತ್ತು ವರ್ಷ ನಿನ್ನನ್ನ ಬರೀ ಅಡುಗೆಮನೇಲಿಟ್ಟು ತಪ್ಪು ಮಾಡ್ದೆ ಕಣೇ, ಫಿಲ್ಟರ್ ಹೌಸಿಗೆ ಸೇರಿಸ್ಬೇಕಿತ್ತು" ಎಂದು ಕಣ್ಣೊರೆಸಿಕೊಂಡ.

ಅಲ್ಲಿಂದ ದಿನಾ ಇದೇ ಕ್ರಮ. ಸಂಜೆ ಆರಕ್ಕೆ ಕೊಳ ಮುಚ್ಚಿದ ಮೇಲೆ ಉಜ್ಜನಪ್ಪ ಹಾರ್ಲಿಕ್ಸ್ ಬಾಟಲಿಯಲ್ಲಿ ನೀರು ತುಂಬಿ, ಟವೆಲಿನಲ್ಲಿ ಸುತ್ತಿ, ಸೈಕಲಿನಲ್ಲಿ ಮನೆಗೆ ಬರುವುದು. ಕಲ್ಲಮ್ಮ ಮುಚ್ಚಳ ತೆಗೆದು ಮೂಸುವುದು. ಕಾಲು ಉಳಿದಿದ್ದರೆ ಮೂರು ಸೇರು ಪೌಡರ್, ಅರ್ಧ ಉಳಿದಿದ್ದರೆ ಎರಡು, ಮುಕ್ಕಾಲಿದ್ದರೆ ಒಂದು. ಅವನು ಕಾಫಿ ಕುಡಿದು ವಾಪಸು ಹೋಗಿ ಅಷ್ಟು ಹಾಕಿ ಬರುವುದು. ಯಾರಾದರೂ ಬಾಟಲಿ ನೋಡಿ ಕೇಳಿದರೆ "ಮಂಡಿನೋವಿಗೆ ಕಷಾಯ" ಎನ್ನುತ್ತಿದ್ದ. ಎರಡು ಸಾವಿರದ ಎರಡರಲ್ಲಿ ಆ ಕೊಳದ ನೀರು ಮೊದಲಿಗಿಂತ ಚೆನ್ನಾಗಿತ್ತು.

ಕೆಮ್ಮು ಶುರುವಾದದ್ದು ಆ ವರ್ಷದ ಮಳೆಗಾಲದಲ್ಲಿ. ಮೂಟೆಯಿಂದ ಪೌಡರ್ ಅಳೆಯುವಾಗ ಏಳುವ ದೂಳು, ಡ್ರಮ್ಮಿನಲ್ಲಿ ಕದಡುವಾಗ ಬರುವ ಘಾಟು. ವಾಸನೆ ತಿಳಿಯುವವನಾದರೆ ಮುಖ ತಿರುಗಿಸುತ್ತಾನೆ. ಇವನಿಗೆ ವಾಸನೆಯೇ ಇಲ್ಲ, ಡ್ರಮ್ಮಿನೊಳಕ್ಕೇ ತಲೆ ಹಾಕಿ ಕದಡುತ್ತಿದ್ದ. ಚಳಿಗಾಲದ ಹೊತ್ತಿಗೆ ಮನೆಯ ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವ ಹಾಗಾಯಿತು. ಕಲ್ಲಮ್ಮ ಬಲವಂತ ಮಾಡಿ ದುರ್ಗಿಗುಡಿಯಲ್ಲಿ ಡಾಕ್ಟರ್ ನಿರಂಜನ ಅವರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಎದೆಯ ಎಕ್ಸ್‌ರೇ ಫೋಟೋ ತೆಗೆಸಿ ನೋಡಿ, ಉಜ್ಜನಪ್ಪನನ್ನು ಹೊರಗೆ ಕೂರಿಸಿ ಅವಳಿಗೆ ಹೇಳಿದರು.

"ನೋಡಮ್ಮ, ಮೂಗು ಹೋಗಿದ್ದೂ ಅದರಿಂದ್ಲೇ, ಈಗ ಪುಪ್ಪುಸ ಹೋಗ್ತಿರೋದೂ ಅದರಿಂದ್ಲೇ. ಆ ಪೌಡರ್ ಬಿಡ್ಸಿ. ಬಿಡಿಸ್ಲಿಲ್ಲ ಅಂದ್ರೆ ಎರಡು ವರ್ಷ ಅಂದ್ಕೊಳ್ಳಿ."

ಎರಡು ವರ್ಷ! ಕಲ್ಲಮ್ಮ ಸುಮ್ಮನಿರುವವಳಲ್ಲ. ಕೆಲಸ ಬಿಡಿ ಎಂದಳು, ಬೈದಳು, ಊಟ ಬಿಟ್ಟಳು. ಅವನು ಜಪ್ಪಯ್ಯ ಅನ್ನಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ಉಸಿರು ಕಟ್ಟುತ್ತದೆ ಎಂದ. ನಾನೇ ಬಂದು ಪೌಡರ್ ಕದಡುತ್ತೇನೆ ಎಂದಳು.

"ನಿನ್ನ ಮೂಗೂ ಹೋದ್ರೆ ಇಬ್ರೂ ಏನು ಮಾಡಾಣ?" ಎಂದು ಅವನು ನಕ್ಕ. ನಗುತ್ತಲೇ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದು, ನೆಲಕ್ಕೆ ಕೈಯೂರಿ ಕೂತ. ಅವನ ಬೆನ್ನು ನೀವುತ್ತ ಕಲ್ಲಮ್ಮ, ಈ ಪ್ರಾಣಿಯನ್ನು ಮಾತಿನಿಂದ ಬಿಡಿಸಲು ಆಗುವುದಿಲ್ಲ ಎಂದು ಅರ್ಥಮಾಡಿಕೊಂಡಳು.

ಮಾರನೆಯ ಸಂಜೆ ಬಾಟಲಿ ಬಂತು. ಮೂಸಿದಳು. ಎರಡು ದಿನದ ಸುಣ್ಣದ ಗೋಡೆ, ಕಾಲು.

"ಅರ್ಧ ಇದೆ" ಎಂದಳು.

ಅಷ್ಟೇ. ಉಜ್ಜನಪ್ಪ ಮೂರು ಸೇರಿನ ಬದಲು ಎರಡು ಸೇರು ಕದಡಿ ಬಂದ. ಒಂದು ಸೇರು ದೂಳು ಅವನ ಎದೆಗೆ ಹೋಗಲಿಲ್ಲ. ಅವತ್ತು ಕಲ್ಲಮ್ಮ ದೇವರಿಗೆ ಕೈಮುಗಿಯುವಾಗ ತಪ್ಪಾಯಿತು ಎಂದು ಕೆನ್ನೆ ತಟ್ಟಿಕೊಂಡಳು. ನಾಲ್ಕು ದಿನ ಕಳೆಯಿತು, ಯಾರಿಗೂ ಏನೂ ಆಗಲಿಲ್ಲ. ಕೆನ್ನೆ ತಟ್ಟಿಕೊಳ್ಳುವುದು ನಿಂತಿತು. ವಾರ ಕಳೆದ ಮೇಲೆ ಅರ್ಧ ಎನ್ನುತ್ತಿದ್ದವಳು ಮುಕ್ಕಾಲು ಎನ್ನತೊಡಗಿದಳು. ಕೆಲವು ಸಲ ಬಾಟಲಿಯಲ್ಲಿ ಏನೂ ಇರುತ್ತಿರಲಿಲ್ಲ, ಬರೀ ಬಾವಿನೀರಿನ ವಾಸನೆ. ಆಗಲೂ ಅವಳು ಮುಖ ಹಿಂಡಿ, "ಅಯ್ಯಪ್ಪ, ಇವತ್ತು ಏನ್ರೀ ಇಷ್ಟು ಘಾಟು, ಹಾಕ್ಲೇಬೇಡಿ" ಎನ್ನುತ್ತಿದ್ದಳು. ಪಟಿಕದಿಂದಾಗಿ ನೀರು ಮಾತ್ರ ಕನ್ನಡಿಯ ಹಾಗೇ ಇತ್ತು. ಇಷ್ಟು ತಿಳಿಯಾದ ನೀರು ಯಾರಿಗೆ ಏನು ಮಾಡೀತು, ತನ್ನ ತವರಿನ ಕೆರೆಗೆ ಯಾವ ಪುಣ್ಯಾತ್ಮ ಪೌಡರ್ ಹಾಕಿದ್ದ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಕೆಮ್ಮು ಕಡಿಮೆಯಾಯಿತು ನೋಡಿ! ಮಾರ್ಚಿಗೆ ಉಜ್ಜನಪ್ಪ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿದ. ಏಪ್ರಿಲಿನಲ್ಲಿ ಸೈಕಲ್ ತುಳಿಯುತ್ತ ಹಳೇ ಹಾಡೊಂದನ್ನು ಗುನುಗಿಕೊಂಡು ಬಂದ. ಆ ಗುನುಗು ಕೇಳಿ ಕಲ್ಲಮ್ಮ ಒಲೆಯ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅವಳು ಮಾಡಿದ್ದು ತಪ್ಪು ಎಂದು ಹೇಳುವುದು ಸುಲಭ. ಆ ಅಳು ಕೇಳಿದ್ದರೆ ಹೇಳುವವರಿಗೂ ನಾಲಿಗೆ ತಡವರಿಸುತ್ತಿತ್ತು.

ಅದೇ ರಸ್ತೆಯಲ್ಲಿ ಹೈಸ್ಕೂಲಿನ ಸಂಸ್ಕೃತದ ಮೇಷ್ಟರು ಶ್ರೀನಿವಾಸಮೂರ್ತಿಗಳ ಮನೆ. ಅವರ ಮಗಳು ಅಮೂಲ್ಯಾಗೆ ಒಂಬತ್ತು ವರ್ಷ. ಬೇಸಿಗೆ ಶಿಬಿರಕ್ಕೆ ಸೇರಿದ ಅರವತ್ತು ಮಕ್ಕಳಲ್ಲಿ ಅವಳೂ ಒಬ್ಬಳು. ಈಜು ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಕಲ್ಲಮ್ಮನ ಮನೆಗೆ ನುಗ್ಗಿ "ಅಜ್ಜಿ, ಮಜ್ಜಿಗೆ!" ಎಂದು ಕೂಗಿದರೆ ಕಲ್ಲಮ್ಮ ಓಡಿ ಬಂದು ಅವಳ ತಲೆ ಒರೆಸಿ, ಬೈದು, ಮಜ್ಜಿಗೆ ಕೊಡಬೇಕು. ಹೋದ ವರ್ಷ ಈ ತಲೆ ಒರೆಸುವಾಗ ಕೂದಲೆಲ್ಲ ಪೌಡರಿನ ವಾಸನೆ ಹೊಡೆಯುತ್ತಿತ್ತು. ಈ ವರ್ಷ ಸೀಗೆಪುಡಿಯ ವಾಸನೆ ಬಿಟ್ಟು ಏನೂ ಬರುತ್ತಿರಲಿಲ್ಲ. ಟವೆಲ್ ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಇವತ್ತು ಸಂಜೆ ನಿಜ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದಳು. ಸಂಜೆ ಬಾಟಲಿಯ ಜೊತೆಗೆ ಗಂಡ ಬಂದು, ಮೆಟ್ಟಿಲ ಹತ್ತಿರ ಒಂದೇ ಒಂದು ಸಲ ಕೆಮ್ಮಿದರೆ ಸಾಕು, ಅಂದುಕೊಂಡದ್ದೆಲ್ಲ ಮರೆತುಹೋಗುತ್ತಿತ್ತು.

ಮೇ ತಿಂಗಳ ಮಧ್ಯದಲ್ಲಿ ಶಿಬಿರ ಮುಗಿದು ಕೊಳದ ಪಕ್ಕದಲ್ಲೇ ಸಣ್ಣ ಸಮಾರಂಭವಾಯಿತು. ಕಲ್ಲಮ್ಮ ಕೊಳ ನೋಡಿದ್ದು ಆಗಲೇ, ಮೊದಲ ಸಲ. ತಾನು ಬಾಟಲಿಯಲ್ಲಿ ಕಂಡ ನೀರು ಇಷ್ಟೊಂದಿದೆಯೇ ಎಂದು ಅವಳಿಗೆ ತಲೆ ತಿರುಗಿದ ಹಾಗಾಯಿತು. ಷಡಕ್ಷರಪ್ಪನವರು ಮೈಕ್ ಹಿಡಿದು, "ಅರವತ್ತು ಮಕ್ಳು ಈಜಿದಾರೆ, ಆದ್ರೂ ನಮ್ಮ ಉಜ್ಜನಪ್ಪ ಈ ವರ್ಷ ಅರ್ಧಕ್ಕರ್ಧ ಪೌಡರ್ ಉಳಿಸಿದಾನೆ. ಇಂಥ ಮನುಷ್ಯ ಎಲ್ಲೂ ಸಿಗಲ್ಲ" ಎಂದು ಹೊಗಳಿ, ಅವನಿಗೊಂದು ಶಾಲು ಹೊದಿಸಿ, ಕಲ್ಲಮ್ಮನನ್ನೂ ಕರೆದು ಒಂದು ಇಳಕಲ್ ಸೀರೆ ಕೊಟ್ಟರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಅಮೂಲ್ಯಾ. ಆ ಸೀರೆ ಕಲ್ಲಮ್ಮನ ಕೈಯಲ್ಲಿ ಒದ್ದೆ ಚೀಲದ ಹಾಗೆ ಭಾರವಾಗಿತ್ತು.

ಎಂಟು ದಿನ ಕಳೆದಿರಬೇಕು. ಶಿಬಿರ ಮುಗಿದರೂ ದಿನಾ ಬರುತ್ತಿದ್ದ ಅಮೂಲ್ಯಾ ಮಜ್ಜಿಗೆಗೆ ಬರಲಿಲ್ಲ. ಜ್ವರವಂತೆ, ವಾಂತಿಯಂತೆ ಎಂದು ಯಾರೋ ಹೇಳಿದರು. ನಾಲ್ಕನೆಯ ದಿನಕ್ಕೆ ಹುಡುಗಿಯ ಕಣ್ಣು ಅರಿಶಿನ ಬಳಿದ ಹಾಗೆ ಹಳದಿಯಾಯಿತು. ಕಾಮಾಲೆ. ಅದರ ಹಿಂದೆಯೇ ಆಚೆ ಬೀದಿಯ ಇಬ್ಬರು, ಈಚೆ ಬೀದಿಯ ಮೂವರು, ಹೀಗೆ ಹನ್ನೊಂದು ಮಕ್ಕಳು ಮಲಗಿದರು. ಎಲ್ಲರೂ ಶಿಬಿರದವರು. ಶಿಬಿರದ ಮೊದಲ ವಾರ ಯಾವುದೋ ಮಗು ರೋಗ ಹೊತ್ತುಕೊಂಡೇ ನೀರಿಗಿಳಿದಿರಬೇಕು, ನೀರಿನಲ್ಲಿ ಪೌಡರ್ ಇದ್ದಿದ್ದರೆ ರೋಗದ ಕ್ರಿಮಿ ಅಲ್ಲಿಗೇ ಸಾಯುತ್ತಿತ್ತು ಎಂದು ಡಾಕ್ಟರ್ ನಿರಂಜನ ಎಲ್ಲರ ಮುಂದೆ ಹೇಳಿದರು. ಕೊಳದ ನೀರು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿದವರು, ಇದರಲ್ಲಿ ಔಷಧಿಯ ಸುಳಿವೇ ಇಲ್ಲ ಎಂದು ಬರೆದುಕೊಟ್ಟರು.

ಷಡಕ್ಷರಪ್ಪನವರ ಮಂಡಿಯ ಮುಂದೆ ತಂದೆತಾಯಿಗಳು ಸೇರಿದರು. ಉಜ್ಜನಪ್ಪನನ್ನು ಕರೆಸಿದರು. ರುದ್ರೇಶನೂ ಅಲ್ಲಿದ್ದ, ನಡೆದದ್ದನ್ನು ಅಕ್ಕನಿಗೆ ಬಂದು ಹೇಳಿದವನು ಅವನೇ.

"ನಿನ್ನ ಮೂಗಿಗೆ ಏನಾಗಿತ್ತಯ್ಯಾ?" ಎಂದು ಷಡಕ್ಷರಪ್ಪನವರು ಅರಚಿದರು.

ಉಜ್ಜನಪ್ಪ ಕೈಮುಗಿದು ನಿಂತು, "ಮೂಗು ಸತ್ತು ಎರಡು ವರ್ಷ ಆಯ್ತು ಸಾವ್ಕಾರ್ರೇ" ಎಂದನಂತೆ.

"ಮತ್ತೆ ಇಷ್ಟು ದಿನ ಹೆಂಗೆ ನೋಡ್ತಿದ್ದೆ?"

"ಅಂದಾಜಿನ ಮೇಲೆ."

ಹೆಂಡತಿಯ ಹೆಸರು ಅವನ ಬಾಯಿಗೆ ಬರಲಿಲ್ಲ. ಯಾರೋ ಒಬ್ಬರು ಮುಂದೆ ಬಂದು ಅವನ ಕೆನ್ನೆಗೆ ಹೊಡೆದರು. ಶ್ರೀನಿವಾಸಮೂರ್ತಿಗಳು ಹೊಡೆಯಲಿಲ್ಲ, ಬೈಯಲೂ ಇಲ್ಲ. "ಮೂಗಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ಉಜ್ಜನಪ್ಪ" ಎಂದು ಹೇಳಿ ಆಸ್ಪತ್ರೆಗೆ ಹೋದರು.

ಉಜ್ಜನಪ್ಪ ಮನೆಗೆ ಬಂದಾಗ ಕೆನ್ನೆಯ ಮೇಲೆ ಬೆರಳಿನ ಗುರುತಿತ್ತು. ಕಲ್ಲಮ್ಮ ಅವನನ್ನು ಕೂರಿಸಿ, ಎದುರಿಗೆ ತಾನೂ ಕೂತು, ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಡಾಕ್ಟರು ಹೇಳಿದ ಎರಡು ವರ್ಷ, ಕಾಲು ಇದ್ದದ್ದನ್ನು ಅರ್ಧ ಎಂದದ್ದು, ಏನೂ ಇಲ್ಲದಾಗ ಘಾಟು ಎಂದದ್ದು, ಅಮೂಲ್ಯಾಳ ಕೂದಲಿನ ಸೀಗೆಪುಡಿ, ಒಂದನ್ನೂ ಬಿಡಲಿಲ್ಲ.

ಅವನು ಪೂರ್ತಿ ಕೇಳಿದ. ಆಮೇಲೆ ಅವಳ ತಲೆ ಸವರಿದ.

"ಹುಚ್ಚೀ. ನನ್ನ ತಪ್ಪು ನಿನ್ನ ತಲೆ ಮೇಲೆ ಹಾಕ್ಕೊಳ್ಳಾಕೆ ನೋಡ್ತೀಯಾ?"

"ನಿಜ ಹೇಳ್ತಿದೀನಿ ಕಣ್ರೀ!"

"ಮದ್ವೆ ಆಗಿ ಮೂವತ್ತನಾಲ್ಕು ವರ್ಷ ಆಯ್ತು. ಸೀದ ಒಗ್ಗರಣೇನೂ ಸೀದಿಲ್ಲ ಅಂತ ಸುಳ್ಳು ಹೇಳಿದೋಳಲ್ಲ ನೀನು. ಆ ಮೂಟೆ ಹಳೇದು ಕಣೇ. ತೇವ ಹೊಡೆದು ಅದರ ಶಕ್ತಿ ಸತ್ತೋಗಿತ್ತು. ನೀನು ಸರಿಯಾಗೇ ಹೇಳಿದೀಯ. ರಾತ್ರಿ ಬೆಳಗಾಗೋದ್ರೊಳಗೆ ಔಷಧಿ ಹಾರೋಗಿದೆ. ನಾನು ನೋಡ್ಕೋಬೇಕಿತ್ತು."

ಕಲ್ಲಮ್ಮ ಕೊರಳಲ್ಲಿದ್ದ ಕರಡಿಗೆಗೆ ಕೈಹಾಕಿ, ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಹೋದಳು. ಲಿಂಗ ಮುಟ್ಟಿ ಹೇಳಿದರಾದರೂ ನಂಬುತ್ತಾನಲ್ಲ! ಉಜ್ಜನಪ್ಪ ಗಾಬರಿಯಾಗಿ ಎದ್ದು ಅವಳ ಕೈಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ.

"ಬೇಡ ಕಲ್ಲಿ! ನನಗೋಸ್ಕರ ಲಿಂಗದ ಮೇಲೆ ಸುಳ್ಳು ಪ್ರಮಾಣ ಮಾಡಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ನಿಜವಾಗಿಯೂ ಬೀಳುವವನೇ. ಅವಳು ಕೈಬಿಟ್ಟಳು.

ಮಾರನೆಯ ಬೆಳಿಗ್ಗೆ ಕಲ್ಲಮ್ಮ ಇಳಕಲ್ ಸೀರೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಕೊಳದ ಹತ್ತಿರ ಹೋದಳು. ಅದೇ ಎರಡನೆಯ ಸಲ. ನೀರು ಖಾಲಿ ಮಾಡಿಸುತ್ತ ನಿಂತಿದ್ದ ಷಡಕ್ಷರಪ್ಪನವರು ಅವಳ ಮಾತನ್ನು ಅರ್ಧ ಕೇಳಿ ಕೈಯಾಡಿಸಿದರು. "ಗಂಡನ್ನ ಉಳಿಸ್ಕಳಾಕೆ ಬಂದಿದೀಯ ತಾಯಿ, ಗೊತ್ತಾಗುತ್ತೆ ನಂಗೆ. ಪೊಲೀಸಿಗೇನೂ ಕೊಡಲ್ಲ, ಹೋಗು." ಸೀರೆಯನ್ನೂ ಅವರು ಮುಟ್ಟಲಿಲ್ಲ. ಅವಳು ಅದನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟು ಆಸ್ಪತ್ರೆಗೆ ಹೋದಳು.

ಅಮೂಲ್ಯಾ ಮಲಗಿದ್ದಳು. ಹಾಸಿಗೆಯ ಪಕ್ಕದಲ್ಲಿ ಅವಳ ತಾಯಿ ಭವಾನಿ. ಕಲ್ಲಮ್ಮ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ, ಗಂಡನಿಗೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು. ಭವಾನಿ ಅವಳ ಮುಖವನ್ನೇ ನೋಡುತ್ತಿದ್ದಳು. ನಂಬಿದಳು. ನಂಬಿದ್ದು ಅವಳ ಕಣ್ಣಿನಲ್ಲಿ ಕಂಡಿತು.

"ದಿನಾ ಇವಳ ತಲೆ ಒರೆಸ್ತಿದ್ರಿ. ಒಂದ್ಸಲನೂ ಇವಳ ಯೋಚನೆ ಬರ್ಲಿಲ್ವಾ ನಿಮ್ಗೆ?"

"ಬರ್ತಿತ್ತು ತಾಯಿ. ದಿನಾ ಬರ್ತಿತ್ತು. ಇವರ ಕೆಮ್ಮು ಕೇಳಿದ ಕೂಡ್ಲೇ ಹೋಗಿಬಿಡ್ತಿತ್ತು."

ಭವಾನಿ ಬೈಯಲಿಲ್ಲ. ಎದ್ದು ಬಂದು ಬಾಗಿಲನ್ನು ಮೆತ್ತಗೆ ಮುಚ್ಚಿದಳು. ಒಳಗಿನಿಂದ ಹುಡುಗಿ "ಯಾರಮ್ಮಾ, ಮಜ್ಜಿಗೆ ಅಜ್ಜಿಯಾ?" ಎಂದು ಕೇಳಿದ್ದು, "ಯಾರೂ ಇಲ್ಲ, ಮಲಕ್ಕೋ" ಎಂದು ತಾಯಿ ಹೇಳಿದ್ದು, ಎರಡೂ ಹೊರಗೆ ಕೇಳಿಸಿತು.

ಮಕ್ಕಳೆಲ್ಲ ಬದುಕಿದರು. ಅಮೂಲ್ಯಾ ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು, ಅರ್ಧ ತೂಕ ಇಳಿದು ಮನೆಗೆ ಬಂದಳು. ಆ ರಸ್ತೆಯಲ್ಲಿ ನಡೆದರೂ ಕಲ್ಲಮ್ಮನ ಮನೆಯ ಕಡೆ ತಲೆಯೆತ್ತಿ ನೋಡಬಾರದೆಂದು ಮನೆಯವರು ಹೇಳಿದ್ದರೆಂದು ಕಾಣುತ್ತದೆ. ಕೊಳಕ್ಕೆ ಮಣ್ಣು ಬಿತ್ತು. ಔಟ್‌ಹೌಸಿನ ಮಾಲೀಕರು ಬೇರೆ ಮನೆ ನೋಡಿಕೊಳ್ಳಿ ಎಂದರು. ಗಂಡ ಹೆಂಡತಿ ಭದ್ರಾವತಿಯ ಹಳೇನಗರದಲ್ಲಿ ಒಂದು ಕೋಣೆ ಹಿಡಿದರು.

ಅಲ್ಲಿ ಉಜ್ಜನಪ್ಪನಿಗೆ ಒಂದೇ ಮಾತು. "ಆ ಮೂಟೆ ನಾನು ನೋಡ್ಕೋಬೇಕಿತ್ತು." ಊಟಕ್ಕೆ ಕೂತರೆ ಅದೇ, ಸ್ನಾನಕ್ಕೆ ಹೋದರೆ ಅದೇ. ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ಕಂಡರೆ ಅವರ ಕಣ್ಣಿನ ಬಣ್ಣ ನೋಡುತ್ತ ನಿಂತುಬಿಡುತ್ತಿದ್ದ. ಪೌಡರ್ ಬಿಟ್ಟರೆ ಬದುಕುತ್ತಾನೆ ಎಂದು ಡಾಕ್ಟರು ಹೇಳಿದ್ದರಲ್ಲ; ಪೌಡರ್ ಬಿಟ್ಟಾಗಿತ್ತು, ಕೆಮ್ಮು ಬಿಡಲಿಲ್ಲ. ಅಷ್ಟು ಹೊತ್ತಿಗಾಗಲೇ ಪುಪ್ಪುಸ ಮುಗಿದುಹೋಗಿತ್ತೋ, ಕೊರಗೇ ತಿಂದಿತೋ, ಹೇಳುವವರು ಯಾರು? ಸಂಜೆಯಾದರೆ ಹಾರ್ಲಿಕ್ಸ್ ಬಾಟಲಿಯಲ್ಲಿ ಬೀದಿ ನಲ್ಲಿಯ ನೀರು ಹಿಡಿದು ತಂದು ಹೆಂಡತಿಯ ಮುಂದೆ ಇಡುತ್ತಿದ್ದ. "ನೋಡೇ, ಎಷ್ಟಿದೆ?" ಅವಳು ಮೂಸಿ ಹೇಳುತ್ತಿದ್ದಳು. ಕಾಲಿದ್ದರೆ ಕಾಲು, ಇಲ್ಲದಿದ್ದರೆ ಇಲ್ಲ. ಯಾರಿಗೂ ಬೇಡವಾದ ಆ ನೀರಿನ ಬಗ್ಗೆ ಅವಳು ಒಂದು ದಿನವೂ ಸುಳ್ಳು ಹೇಳಲಿಲ್ಲ.

ಎರಡು ಸಾವಿರದ ಐದರ ಮಳೆಗಾಲದಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರನೆಯ ದಿನ ಮಧ್ಯಾಹ್ನ ಉಸಿರು ಮೇಲೆ ಕೆಳಗೆ ಆಗುತ್ತಿದ್ದಾಗ ಕಲ್ಲಮ್ಮ ಅವನ ಕಿವಿಯ ಹತ್ತಿರ ಬಗ್ಗಿದಳು. ಈ ಭಾರ ಹೊತ್ತುಕೊಂಡು ಅವನು ಹೋಗಬಾರದು, ಅದು ಅವನ ಭಾರವೇ ಅಲ್ಲ.

"ರೀ, ಕೇಳಿಸ್ತಾ? ಮೂಟೆ ಚೆನ್ನಾಗೇ ಇತ್ತು. ನಿಮ್ಮ ತಪ್ಪು ಏನೂ ಇಲ್ಲ. ಸುಳ್ಳು ಹೇಳಿದ್ದು ನಾನು. ನಿಮ್ಮಾಣೆ."

ಅವನ ತುಟಿಯಲ್ಲಿ ನಗು ಬಂತು. ಬೆರಳುಗಳು ಅವಳ ಕೈಯನ್ನು ಹುಡುಕಿ ಹಿಡಿದವು.

"ಎಷ್ಟು ಸಲ ಹೇಳ್ತೀಯ ಮಾರಾಯ್ತಿ" ಎಂದ. "ನೀನು ನನಗೋಸ್ಕರ ಏನು ಬೇಕಾದ್ರೂ ಹೇಳ್ತೀಯ. ಗೊತ್ತು ನಂಗೆ."

ಕಲ್ಲಮ್ಮ ಅವನ ಹಣೆಯ ಬೆವರು ಒರೆಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವನು ಕಣ್ಣಿನಲ್ಲೇ ನೀರಿನ ಲೋಟ ತೋರಿಸಿದ. ಅವಳು ಎತ್ತಿ ತುಟಿಯ ಹತ್ತಿರ ಹಿಡಿದಳು. ಅವನು ಬಾಯಿ ತೆರೆಯಲಿಲ್ಲ.

"ಮೂಸಿ ಕೊಡು."

ಅವಳು ಲೋಟವನ್ನು ತನ್ನ ಮೂಗಿನ ಹತ್ತಿರ ತಂದಳು. ಹೊಸದಾಗಿ ಸುಣ್ಣ ಬಳಿದ ಗೋಡೆ.

"ಅರ್ಧ ಇದೆ ರೀ."

"ಹಂಗಾದ್ರೆ ಸರಿ" ಎಂದು ಉಜ್ಜನಪ್ಪ ನಂಬಿ ಕುಡಿದ.